ಗ್ಲೆನಿಸಳ ಏಳು ಮೆಟ್ಟಿಲು

ಗುರುವಾರ ಬೆಳಗಿನ ಐದೂವರೆ. ಗ್ಯಾನೆಟ್ ಪಾಯಿಂಟ್‌ನ ಕಡಲಂಚಿಗೆ ಗೋಡೆ ಕಟ್ಟಿ ಮಾಡಿದ ಈಜುಕೊಳದ ನೀರೆಲ್ಲ ಸಮುದ್ರಕ್ಕೆ ಹರಿದುಹೋಗಿದೆ. ತಳದಲ್ಲಿ ಗ್ಲೆನಿಸ್ ಪೋರ್ಟೆಲ್ಲಿ ಮಂಡಿಯೂರಿದ್ದಾಳೆ. ಒಂದು ಕೈಯಲ್ಲಿ ಹಿಡಿ ಮರಳು, ಇನ್ನೊಂದರಲ್ಲಿ ತೆಂಗಿನ ನಾರಿನ ಕುಂಚ. ಮೂರನೇ ಮೆಟ್ಟಿಲ ಮೂಲೆಯ ಪಾಚಿಯ ಜೊತೆ ಜಗಳ ನಡೆದಿದೆ.

"ಹೋಗ್ತೀಯೋ ಇಲ್ವೋ? ಹೋಗಿ ಆ ಡ್ಯಾರಿಲ್ ಕೊಳದಲ್ಲಿ ಬೆಳಿ!"

ಡ್ಯಾರಿಲ್ ವಾಟ್‌ಮಫ್ ಪಕ್ಕದ ಮಲ್ಲೆಟ್ ಬೇಯ ಕೊಳ ತೊಳೆಯುವವನು. ಅವನ ಹೆಸರಿಲ್ಲದೆ ಗ್ಲೆನಿಸಳ ಒಂದು ಬೆಳಗೂ ಕಳೆಯುವುದಿಲ್ಲ.

ಮೇಲೆ ಕಬ್ಬಿಣದ ಕಂಬಿ ಹಿಡಿದು, ದಿನಾ ಇಲ್ಲಿ ಈಜುವ ಎಂಬತ್ತೊಂದರ ಮೆರ್ಲ್ ನಿಂತಿದ್ದಾಳೆ. ಬರಿಗಾಲು, ಈಜುಡುಗೆಯ ಮೇಲೊಂದು ಹಳೇ ಟವೆಲ್ಲು. "ಅರ್ಧಚಂದ್ರ ಕಣೇ ಹುಡುಗಿ. ಈ ವಾರ ಯಾರಾದ್ರೂ ತೂಬು ತೆಗೀತಾರಾ?"

"ನಾನು ತೆಗೀತೀನಿ."

"ಅಲೆ ಗೋಡೆ ದಾಟದೇ ಇದ್ರೆ?"

"ದಾಟತ್ತೆ. ನೀನು ಟೀ ಕುಡಿ."

ಈ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮವದು. ಗುರುವಾರ ಇಳಿತದ ಹೊತ್ತಿಗೆ ತೂಬು ತೆಗೆದು ತೊಳೆಯಬೇಕು, ಮತ್ತೆ ಮುಚ್ಚಬೇಕು, ಭರತದ ಅಲೆಗಳು ಗೋಡೆ ಹಾರಿ ಬಂದು ಕೊಳ ತುಂಬುತ್ತವೆ. ಅರ್ಧಚಂದ್ರನ ವಾರ ಭರತ ಸೋಮಾರಿ. ಆಗ ತೂಬು ಮುಟ್ಟದೆ ಮೇಲಿಂದ ಉಜ್ಜಿದರೆ ಸಾಕು. ಹತ್ತೊಂಬತ್ತು ವರ್ಷ ಗ್ಲೆನಿಸ್ ಇದನ್ನು ಮೀರಿದವಳಲ್ಲ. ಈ ಸಲ ಮೀರಿದ್ದಾಳೆ, ಯಾಕೆಂದರೆ ನಾಳೆ ಆನ್ನೆಲೀಸ್ ಬರುತ್ತಾಳೆ.

ಆನ್ನೆಲೀಸ್ ಹಾಲೆಂಡಿನ ಮೇಷ್ಟ್ರು. ಹೋದ ವರ್ಷ ಸೈಕಲ್ಲಿನಲ್ಲಿ ಈ ದಾರಿಯಲ್ಲಿ ಹೋದವಳು ತನ್ನೂರಿನ ಪತ್ರಿಕೆಗೆ ಬರೆದಳು: ಇಲ್ಲಿಯವರು ಮನೆಯನ್ನು ಮಲಗುವುದಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ, ಬಟ್ಟೆ ಒಣಗಿಸಲು ಬಿಸಿಲು, ಗಿಡಕ್ಕೆ ತೊಟ್ಟಿಯ ಮಳೆನೀರು, ಈಜಲು ಮದ್ದು ಬೆರೆಸದ ಸಮುದ್ರ. ಜೊತೆಗೊಂದು ಫೋಟೊ. ಸುಣ್ಣದ ಹಾಗೆ ಬಿಳಿಯಾದ ಗೋಡೆ, ಅದರ ಮುಂದೆ ಸೊಂಟಕ್ಕೆ ಕೈಯಿಟ್ಟ ಡ್ಯಾರಿಲ್. ಬೇಕರಿಯವರು ಅದನ್ನು ಕತ್ತರಿಸಿ ಗಾಜಿಗೆ ಅಂಟಿಸಿದ್ದಾರೆ.

"ಅವತ್ತಿಂದ ಅಲ್ಲಿ ಮಾಂಸದ ಪೈ ತಗೊಂಡಿಲ್ಲ ನಾನು," ಎಂದು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾಳೆ ಗ್ಲೆನಿಸ್. "ಹೊಟ್ಟೆಕಿಚ್ಚಾ ಅಂತ ಕೇಳ್ತಾರೆ. ಹೌದಪ್ಪ, ಹೊಟ್ಟೆಕಿಚ್ಚೇ. ಅವನದು ಮೋಟರ್ ಪೈಪು, ನಿಂತ್ಕೊಂಡು ನೀರು ಹೊಡೀತಾನೆ. ನನ್ನ ಮಂಡಿ ನೋಡಿ."

ಮಂಡಿಗಳು ಕಪ್ಪಗೆ ದಡ್ಡುಗಟ್ಟಿವೆ. ಗಂಡ ಫ್ರಾಂಕ್ ಮೀನುದೋಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ ವರ್ಷ ಅವಳು ಈ ಕೆಲಸಕ್ಕೆ ಸೇರಿದಳು. ನಾಲ್ಕೂವರೆಗೆ ಏಳುವುದು, ಮೂವತ್ಮೂರು ಮೀಟರ್ ಗೋಡೆ, ಏಳು ಮೆಟ್ಟಿಲು, ತಿಂಗಳಿಗೆ ಎರಡು ಕುಂಚ ಸವೆಯುತ್ತವೆ. ಬ್ಲೀಚಿನ ಡಬ್ಬಿ ಕೊಟ್ಟರೆ ಮುಟ್ಟುವುದಿಲ್ಲ. "ಬಿರುಕಿನಲ್ಲಿ ಆಕ್ಟೋಪಸ್ ಮರಿ ಇದೆ. ಅದಕ್ಕೂ ಮನೆ ಬೇಡ್ವಾ?" ಮೆಟ್ಟಿಲಿಗೆ ಮಾತ್ರ ಅವಳೇ ಆರಿಸಿದ ಮರಳು. ಉಜ್ಜಿ, ತೊಳೆದು, ಬರಿಯ ಹಿಮ್ಮಡಿಯನ್ನು ಅಂಚಿನವರೆಗೆ ಎಳೆದು ನೋಡುತ್ತಾಳೆ. ಹಿಮ್ಮಡಿ ಜಾರಿದರೆ ಮತ್ತೆ ಮೊದಲಿನಿಂದ. ಬಿಡುವಿನ ಭಾನುವಾರ ಬಸ್ಸು ಹತ್ತಿ ಮಲ್ಲೆಟ್ ಬೇ ಕಡೆಗೂ ಹೋಗಿ, ಯಾರೂ ಇಲ್ಲದಾಗ ಡ್ಯಾರಿಲ್‌ನ ಮೆಟ್ಟಿಲ ಮೇಲೆ ಹಿಮ್ಮಡಿ ಎಳೆದು ಬರುವುದುಂಟು. "ಜಾರತ್ತೆ," ಎಂದು ಕಣ್ಣು ಮಿಟುಕಿಸುತ್ತಾಳೆ.

ಶುಕ್ರವಾರದ ಬೆಳಗು. ಅಲೆ ಸರಿಯಾಗಿ ಗೋಡೆ ದಾಟಿಲ್ಲ. ಕೊಳದಲ್ಲಿ ಮೊಣಕಾಲುದ್ದ ನೀರು.

ದಿನವೂ ಈಜಲು ಬರುವ ಹದಿನಾಲ್ಕು ಮುದುಕ ಮುದುಕಿಯರು ಟವೆಲ್ಲು ಹೊದ್ದು ಸಾಲಾಗಿ ನಿಂತಿದ್ದಾರೆ. "ಕೋಳಿಮರಿಗೆ ಈಜು ಕಲಿಸ್ತೀಯಾ, ಗ್ಲೆನ್?" ಎಂದು ಒಬ್ಬರ ಕುಹಕ. ಆನ್ನೆಲೀಸ್ ಸೈಕಲ್ಲು ನಿಲ್ಲಿಸಿ, ಇಣುಕಿ, ನಕ್ಕು ಕೈಬೀಸಿ ಮಲ್ಲೆಟ್ ಬೇ ಕಡೆ ಹೊರಡುತ್ತಾಳೆ. ಅಲ್ಲಿ ಡ್ಯಾರಿಲ್ ತೂಬು ಮುಟ್ಟಿಲ್ಲ, ಉಳಿದವರೂ ಅತ್ತಲೇ. ಕೊನೆಗೆ ಮೆರ್ಲ್ ಕೂಡ. ನಲವತ್ತು ವರ್ಷದಲ್ಲಿ ಅವಳು ಬೇರೆ ಕೊಳಕ್ಕೆ ಇಳಿದದ್ದೇ ಇಲ್ಲ.

ಗ್ಲೆನಿಸ್ ಮೊಣಕಾಲು ನೀರಿನಲ್ಲಿ ನಿಂತು ಉಜ್ಜಿದ ಗೋಡೆಯನ್ನೇ ಮತ್ತೆ ಉಜ್ಜುತ್ತಾಳೆ.

ಹತ್ತು ಗಂಟೆಗೆ ಮೆರ್ಲ್ ವಾಪಸು, ಒದ್ದೆ ಕೂದಲು, ಕೈಯಲ್ಲಿ ಬೇಕರಿಯ ಪೊಟ್ಟಣ.

"ಹೇಗಿತ್ತು?"

"ಗೋಡೆ ಬೆಳ್ಳಗಿದೆ. ನಿಂದಕ್ಕಿಂತ ಬೆಳ್ಳಗಿದೆ."

"ಫೋಟೊ ತೆಗೆದ್ಲಾ?"

"ತೆಗೆದ್ಲು. ನಾಲ್ಕು."

ಗ್ಲೆನಿಸ್ ಕುಂಚವನ್ನು ಬಕೆಟ್ಟಿಗೆ ಎಸೆಯುತ್ತಾಳೆ. ಮೆರ್ಲ್ ಪಕ್ಕದಲ್ಲಿ ಕೂತು ಪೈ ಮುರಿದು ಅರ್ಧ ಕೊಡುತ್ತಾಳೆ. "ಇಳಿಯುವಾಗ ಡ್ಯಾರಿಲ್ ನನ್ನ ಕೈ ಹಿಡ್ಕೊಂಡ, ಜಾರೀತು ಅಂತ. ನಂಗೆ ಕೈ ಬೇಡಪ್ಪ, ನಮ್ಮಲ್ಲಿ ನಾನೊಬ್ಳೇ ಇಳೀತೀನಿ ಅಂದೆ. ಆಮೇಲೆ ಪಿಸುಮಾತಲ್ಲಿ ಕೇಳ್ತಾನೆ, ಗ್ಲೆನಿಸ್ ಮೆಟ್ಟಿಲಿಗೆ ಏನು ಹಾಕ್ತಾಳೆ ಅಂತ. ಎರಡು ಸಲ ಬಂದು ಹಿಮ್ಮಡಿ ಎಳೆದು ನೋಡಿದ್ನಂತೆ."

ಗ್ಲೆನಿಸಳ ಬಾಯಲ್ಲಿ ಪೈ ಹಾಗೇ ನಿಲ್ಲುತ್ತದೆ. "ಡ್ಯಾರಿಲ್? ಇಲ್ಲಿಗೆ? ನೀನೇನಂದೆ?"

"ವಯಸ್ಸಾಯ್ತು, ಮರೆತುಹೋಯ್ತು ಅಂದೆ."

ಮತ್ತೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಗ್ಲೆನಿಸ್ ಪೈ ನುಂಗಿ, ಕೈ ಒರೆಸಿಕೊಂಡು ಹೇಳುತ್ತಾಳೆ:

"ಮೂರನೇ ಸಲ ಬಂದಾಗ ನಾನಿಲ್ಲೇ ಇರ್ಬೇಕು, ಅಷ್ಟೇ."