ಕಣ್ಣು ಮುಚ್ಚಿದವರ ಮುಖ

ನಮ್ಮ ಶೆಡ್ಡಿನಲ್ಲಿ ವೆಲ್ಡರ್ ರಾಡು ತಾಗಿಸುವ ಮುಂಚೆ ಒಂದೇ ಒಂದು ಮಾತು ಕೂಗುತ್ತಿದ್ದ: “ಕಣ್ಣು!” ಬೆಸೆಯುವ ಜಾಬ್ ಹಿಡಿದು ನಿಂತ ಫಿಟ್ಟರುಗಳೆಲ್ಲ ತಕ್ಷಣ ಕಣ್ಣು ಮುಚ್ಚಬೇಕು. ಚರ್ ಅನ್ನುವ ಸದ್ದು ನಿಂತ ಮೇಲೆ ತೆರೆಯಬೇಕು. ಕರಿಗಾಜಿನ ಶೀಲ್ಡು ಇದ್ದದ್ದು ವೆಲ್ಡರ್ ಕೈಯಲ್ಲಿ ಒಂದೇ. ನಮ್ಮ ಎರಡೂ ಕೈ ಕಬ್ಬಿಣದ ಚೌಕಟ್ಟು ಹಿಡಿದಿರುತ್ತಿದ್ದವು, ಶೀಲ್ಡು ಕೊಟ್ಟಿದ್ದರೂ ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕಿತ್ತು. ಪೀಣ್ಯದ ಆ ಸಣ್ಣ ಶೆಡ್ಡಿನಲ್ಲಿ ಆರು ವರ್ಷ ನಾನು ಹೀಗೆ ದಿನಕ್ಕೆ ನೂರಾರು ಸಲ ಕಣ್ಣು ಮುಚ್ಚಿ ತೆರೆದಿದ್ದೇನೆ. ಒಂದು ಶನಿವಾರ ಮಾತ್ರ ಬೇಕಂತಲೇ ಮುಚ್ಚಲಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ಸಿನಿಮಾ.

ಹಾಗಂತ ನಾನು ಥಿಯೇಟರಿನಲ್ಲಿ ಪೇಪರ್ ಚೂರು ಎರಚಿ ಶಿಳ್ಳೆ ಹೊಡೆಯುವ ಪೈಕಿಯವನಲ್ಲ. ನನ್ನದು ಬೇರೆ ತರಹದ ಹುಚ್ಚು. ರಾಜಗೋಪಾಲನಗರದಲ್ಲಿ ನಮ್ಮ ಬಾಡಿಗೆ ಮನೆಯಿಂದ ಎರಡು ರಸ್ತೆ ದಾಟಿದರೆ ಒಂದು ಟ್ಯೂಷನ್ ಸೆಂಟರ್ ಇತ್ತು. ಶನಿವಾರ ಸಂಜೆ ನಾಲ್ಕಕ್ಕೆ ಅದರ ಮಹಡಿಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ, ಸುಣ್ಣ ಹೊಡೆದ ಗೋಡೆಯ ಮೇಲೆ ಹಳೆಯ ವಿದೇಶಿ ಚಿತ್ರ ತೋರಿಸುತ್ತಿದ್ದರು. ತೋರಿಸುತ್ತಿದ್ದವರು ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಅವರ ಹತ್ತಿರ ಒಂದು ಟ್ರಂಕಿನ ತುಂಬ ಡಿವಿಡಿ. ಜಪಾನಿನದು, ಇಟಲಿಯದು, ಸ್ವೀಡನ್ನಿನದು, ಪೋಲೆಂಡಿನದು. ಎಲ್ಲ ಐವತ್ತು ವರ್ಷ ಹಿಂದಿನವು, ಹೆಚ್ಚಿನವು ಕಪ್ಪು ಬಿಳುಪು. ಬರುತ್ತಿದ್ದವರು ಹತ್ತು ಹನ್ನೆರಡು ಜನ. ಮೊದಲ ಸಲ ನಾನು ಹೋದದ್ದು ಅಲ್ಲಿ ಫ್ಯಾನ್ ಇದೆ ಅಂತ.

ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವು ಅಳಿಸಿಹೋಗುತ್ತಿದ್ದವು. ಮೂರ್ನಾಲ್ಕು ವಾರ ಒದ್ದಾಡಿ, ಹಾಳಾಗಿ ಹೋಗಲಿ ಎಂದು ಓದುವುದನ್ನೇ ಬಿಟ್ಟೆ. ಆಮೇಲೆ ನೋಡಲು ಉಳಿದದ್ದು ಮುಖಗಳು. ಆ ನಿರ್ದೇಶಕರಿಗೆ ಒಂಚೂರೂ ಆತುರವಿರಲಿಲ್ಲ. ಯುದ್ಧ ಮುಗಿದ ಊರುಗಳು, ಹೊಟ್ಟೆಗಿಲ್ಲದ ಜನ, ಹಾಡಿಲ್ಲ, ಕುಣಿತವಿಲ್ಲ. ನಮ್ಮ ಹೀರೋ ಒಂದು ಹಾಡಿನಲ್ಲಿ ಹತ್ತು ಅಂಗಿ ಬದಲಿಸುವ ಹೊತ್ತಿಗೆ ಅಲ್ಲೊಬ್ಬಳು ಮುದುಕಿ ಸೂಜಿಗೆ ದಾರ ಪೋಣಿಸಿ ಮುಗಿಸಿರುತ್ತಿರಲಿಲ್ಲ. ಆದರೆ ಅವಳು ಪೋಣಿಸುವ ಅಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಕೆನ್ನೆಯ ಯಾವ ಅರ್ಧ ಕತ್ತಲಲ್ಲಿದೆ, ಎಲ್ಲ ಬಾಯಿಪಾಠವಾಗತೊಡಗಿತು. ಶೆಡ್ಡಿನಲ್ಲಿ ಈ ಮಾತೆತ್ತಿದರೆ “ಬಂದ ನೋಡು ಫಾರಿನ್ ಪಂಡಿತ” ಅನ್ನುತ್ತಿದ್ದರು. ಅನ್ನಲಿ, ಅವರಿಗೇನು ಗೊತ್ತು ಎಂಬ ಜಂಬ ನನಗೂ ಇತ್ತು.

ಆ ಶನಿವಾರಕ್ಕೆ ಒಂದು ವಾರ ಮುಂಚೆ ನೋಡಿದ ಚಿತ್ರದಲ್ಲಿ ಒಬ್ಬ ದೋಣಿಯವನ ಹೆಂಡತಿ ಕಿಟಕಿಯ ಬಳಿ ಗಂಡನಿಗಾಗಿ ಕಾಯುತ್ತಾಳೆ. ಸಮುದ್ರದ ದೀಪಸ್ತಂಭದ ಬೆಳಕು ಸುತ್ತಿ ಸುತ್ತಿ ಅವಳ ಮುಖದ ಮೇಲೆ ಬಂದು ಹೋಗುತ್ತದೆ. ಒಂದು ಸಲ ಬೆಳಕು ಬಂದಾಗ ಅವಳು ಕಣ್ಣು ಮುಚ್ಚಿರುತ್ತಾಳೆ. ಅಷ್ಟೇ. ಗಂಡ ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು ಎನ್ನುವುದು ನಮಗೆ ತಿಳಿಯುತ್ತದೆ. ಇಡೀ ವಾರ ಆ ಮುಖ ನನ್ನನ್ನು ಬಿಡಲಿಲ್ಲ.

ಶನಿವಾರ ಬೆಳಗಿನ ಪಾಳಿ. ಚೌಕಟ್ಟಿನ ಆಚೆ ತುದಿ ಹಿಡಿದಿದ್ದವನು ಯಾದಗಿರಿ ಕಡೆಯ ಹಿರಿಯ ಫಿಟ್ಟರ್. ವೆಲ್ಡರ್ “ಕಣ್ಣು!” ಎಂದ. ನಾನು ಅರೆಕ್ಷಣ ತಡ ಮಾಡಿದೆ. ರಾಡಿನ ತುದಿಯಲ್ಲಿ ಆರ್ಕ್ ಬೆಂಕಿ ಹೊತ್ತಿಕೊಂಡಿತು. ಶೆಡ್ಡಿನ ಬಣ್ಣವೆಲ್ಲ ಮಾಯವಾಗಿ ಎಲ್ಲ ಕಪ್ಪು ಬಿಳುಪಾಯಿತು. ಅದರ ನಡುವೆ ಆ ಫಿಟ್ಟರನ ಮುಖ, ಕಣ್ಣು ಮುಚ್ಚಿಕೊಂಡು, ಏನನ್ನೋ ಬೇಡಿಕೊಳ್ಳುವವನ ಹಾಗೆ. ಆರು ವರ್ಷ ಎದುರುಬದುರು ನಿಂತು ದುಡಿದಿದ್ದೆವು, ಈ ಮುಖವನ್ನು ನಾನು ನೋಡಿರಲೇ ಇಲ್ಲ. ನೋಡುವುದಾದರೂ ಹೇಗೆ? ಆ ಬೆಳಕು ಬರುವಾಗ ಎಲ್ಲರ ಕಣ್ಣೂ ಮುಚ್ಚಿರುತ್ತವೆ. ಅಂಥದ್ದೊಂದು ಚಿತ್ರ ದಿನವೂ ಓಡುತ್ತಿದೆ, ನೋಡುವವನು ಒಬ್ಬನೂ ಇಲ್ಲ ಅನ್ನಿಸಿ ಮೈ ಜುಮ್ಮೆಂದಿತು. ಮತ್ತೆ ನೋಡಿದೆ. ಮತ್ತೆ ಮತ್ತೆ ನೋಡಿದೆ. ಮಧ್ಯಾಹ್ನ ಒಂದು ಗಂಟೆಯವರೆಗೆ ನೋಡಿದೆ.

“ಏನ್ ನೋಡಾಕತ್ತೀಯಲೇ ತಮ್ಮಾ? ಕಣ್ಣ ಹೋಗ್ತಾವ ನೋಡು” ಎಂದು, ಕಣ್ಣು ತೆರೆದಾಗ ನಾನು ತನ್ನನ್ನೇ ದಿಟ್ಟಿಸುತ್ತಿದ್ದದ್ದು ಕಂಡು ಅವನೇ ಒಮ್ಮೆ ಗದರಿದ. ನಕ್ಕು ಚೌಕಟ್ಟು ಸರಿಯಾಗಿ ಹಿಡಿದುಕೊಂಡೆ.

ಆರ್ಕ್ ತಗುಲಿದ ಕಣ್ಣು ಆಗಲೇ ನೋಯುವುದಿಲ್ಲ, ಗಂಟೆಗಟ್ಟಲೆ ಬಿಟ್ಟು ಹಿಡಿಯುತ್ತದೆ. ಇದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಬುದ್ಧಿ ಮಾತ್ರ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಮಹಡಿ ಹತ್ತಿದೆ. ಚಿತ್ರ ಅರ್ಧ ಆಗಿರಬೇಕು, ಕಣ್ಣಿನಲ್ಲಿ ನೀರು ಬರತೊಡಗಿತು. ಚಿತ್ರ ಚೆನ್ನಾಗಿದೆ, ಅಳುತ್ತಿದ್ದೇನೆ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಅಳುವಿನ ಬಗ್ಗೆ ಹೆಮ್ಮೆಯೂ ಆಯಿತು. ಆಮೇಲೆ ಗೋಡೆಯ ಮೇಲಿನ ಮುಖಗಳು ಕಲಸಿಹೋದವು. ಹಿಂದೆ ತಿರುಗಿ, “ಸಾರ್, ಫೋಕಸ್ ಹೋಗಿದೆ, ಸ್ವಲ್ಪ ಸರಿ ಮಾಡಿ” ಎಂದೆ.

“ಫೋಕಸ್ ಸರ್‍ಯಾಗೇ ಇದೆಯಲ್ಲಪ್ಪಾ” ಎಂದರು ಆಪರೇಟರ್.

ಅಕ್ಕಪಕ್ಕದವರ ಕಡೆ ತಿರುಗಿದೆ, ಅವರೂ ಕಲಸಿಹೋಗಿದ್ದರು. ಅಷ್ಟರಲ್ಲಿ ರೆಪ್ಪೆಯೊಳಗೆ ಯಾರೋ ಒಂದು ಹಿಡಿ ಮರಳು ತುಂಬಿ ಉಜ್ಜಿದ ಹಾಗೆ ಉರಿ ಎದ್ದಿತು. ಮುಚ್ಚಿದರೆ ನೋವು, ತೆರೆದರೆ ಇನ್ನೂ ನೋವು. ನಾನು ಕೂಗಿಕೊಂಡಿರಬೇಕು, ಚಿತ್ರ ನಿಂತಿತು, ದೀಪ ಹಾಕಿದರು. ಆ ದೀಪದ ಬೆಳಕಿಗೆ ಕಣ್ಣೊಳಗೆ ಕಬ್ಬಿಣದ ಸಲಾಕೆ ಇಟ್ಟಂತಾಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಆಪರೇಟರೇ ನನ್ನ ಕೈ ಹಿಡಿದು ಮನೆಗೆ ನಡೆಸಿಕೊಂಡು ಬಂದರು. ದಿನವೂ ನಡೆಯುವ ಎರಡು ರಸ್ತೆ, ಆದರೆ ಒಂದೊಂದು ಹೆಜ್ಜೆಗೂ ಮುಂದೆ ಬಾವಿ ಇದೆ ಅನ್ನಿಸುತ್ತಿತ್ತು. ಬೆಳಗ್ಗೆ ಏನಾಯಿತೆಂದು ಅವರಿಗೆ ಹೇಳಿದೆ. ಅವರು ನಗಲಿಲ್ಲ.

“ನಮ್ ಕಾಲದ್ ಪ್ರೊಜೆಕ್ಟರ್ ಒಳಗೆ ಉರೀತಿದ್ದದ್ದೂ ಇದೇ ಬೆಂಕಿ ಕಣಪ್ಪಾ. ಎರಡು ಕಾರ್ಬನ್ ಕಡ್ಡಿ ಎದುರುಬದುರು ಇಟ್ಟು ಕಿಡಿ ಹಚ್ತಿದ್ವಿ. ನೀನು ನೋಡೋ ಚಿತ್ರಗಳೆಲ್ಲ ಆವಾಗ ಪರದೆ ಮೇಲೆ ಬಿದ್ದದ್ದು ಆ ಬೆಳಕಲ್ಲೇ. ನಾವೂ ಕರಿಗಾಜಲ್ಲೇ ನೋಡ್ತಿದ್ವಿ. ಬರಿಗಣ್ಣಲ್ಲಿ ನೋಡಿದ್ರೆ ಹಿಂಗೇ.”

“ಸರಿಹೋಗತ್ತಾ ಸಾರ್?”

“ಹೋಗತ್ತೆ ಅಂತಿದ್ರು” ಎಂದರು. ಅವರ ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ ಎನ್ನುವುದು ನನಗೆ ಆ ಹೊತ್ತಿನಲ್ಲೇ ನೆನಪಾಗಬೇಕೆ!

ಮನೆಯಲ್ಲಿ ಹೆಂಡತಿ, ಐದು ತಿಂಗಳ ಮಗಳು. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಬಂದು ಒಂದು ತಿಂಗಳಾಗಿತ್ತು. ಕಾರಣ ಕೇಳಿದವಳು ನನ್ನನ್ನು ಚಾಪೆಯ ಮೇಲೆ ಮಲಗಿಸುತ್ತಲೇ ಬಯ್ಯತೊಡಗಿದಳು. “ಕಣ್ಮುಚ್ಚೋ ಅಂದ್ರೆ ತೆಗ್ದು ನೋಡೋರ್ನ ಎಲ್ಲಾದ್ರೂ ಕಂಡಿದ್ದೀರಾ? ಚಿಕ್ಕಮಕ್ಳೂ ಹೇಳಿದ್ ಮಾತು ಕೇಳ್ತವೆ.” ಬಯ್ಯುತ್ತಲೇ ಮಗುವಿಗೆ ಕುಡಿಸುವ ಒಳಲೆಗೆ ತನ್ನ ಎದೆಹಾಲು ಹಿಂಡಿ, ಎರಡೂ ಕಣ್ಣಿಗೆ ಹನಿ ಹನಿ ಬಿಟ್ಟಳು. ನಮ್ಮ ಕಡೆ ಕಣ್ಣುರಿಗೆ ಅದೇ ಔಷಧಿ. ತಂಪಾಯಿತು. ಮೇಲೆ ಹಳೇ ಪಂಚೆಯ ಬಟ್ಟೆ ಕಟ್ಟಿದಳು.

ಭಾನುವಾರ ಹತ್ತಿರದ ಡಾಕ್ಟರ ಶಾಪೂ ಮುಚ್ಚಿತ್ತು, ಕಣ್ಣಿನ ಆಸ್ಪತ್ರೆಯೂ ಮುಚ್ಚಿತ್ತು. ಸೋಮವಾರದವರೆಗೆ ಕಾಯಬೇಕು. ಅಂದು ಪಟ್ಟ ಹೆದರಿಕೆಯನ್ನು ನಾನು ಅದಕ್ಕೆ ಮುಂಚೆಯೂ ಆಮೇಲೂ ಪಟ್ಟಿಲ್ಲ. ನಮ್ಮ ಬಾಡಿಗೆ ಮನೆಗಳ ಲೈನಿನಲ್ಲೇ ಒಬ್ಬ ಹಳೆಯ ವೆಲ್ಡರ್ ಇದ್ದ. ದಿನಾ ಬೆಳಗ್ಗೆ ಹೆಂಡತಿಯ ಭುಜ ಹಿಡಿದುಕೊಂಡು ನಲ್ಲಿಯ ತನಕ ಬರುತ್ತಿದ್ದ. ಅವನ ಕಣ್ಣು ಆರ್ಕ್‌ನಿಂದ ಹೋಯಿತೋ ಸಕ್ಕರೆ ಕಾಯಿಲೆಯಿಂದ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಆ ಬೆಳಗ್ಗೆ ಅವನ ಚಪ್ಪಲಿ ಎಳೆಯುವ ಸದ್ದು ಬಾಗಿಲ ಮುಂದೆ ಹಾದುಹೋದಾಗ ಕಂಬಳಿಯನ್ನು ತಲೆಯ ತನಕ ಎಳೆದುಕೊಂಡೆ.

ಹೆದರಿಕೆ ಮರೆಯಲು ಚಿತ್ರಗಳನ್ನು ನೆನೆಸಿಕೊಳ್ಳತೊಡಗಿದೆ. ಆಶ್ಚರ್ಯ, ಒಂದು ಫ್ರೇಮೂ ಹಾಳಾಗಿರಲಿಲ್ಲ. ಸೂಜಿ ಪೋಣಿಸುವ ಮುದುಕಿಯ ಬಲಗೈ ಬೆರಳಿನ ಉಂಗುರ ಕಂಡಿತು. ದೋಣಿಯವನ ಹೆಂಡತಿ ಕಂಡಳು, ಅವಳ ಎಡಹುಬ್ಬಿನ ಪಕ್ಕದ ಗೀರೂ ಕಂಡಿತು. ಪರವಾಗಿಲ್ಲ, ಕಣ್ಣು ಹೋದರೂ ಇವೆಲ್ಲ ಉಳಿಯುತ್ತವೆ ಎಂದು ಸಮಾಧಾನ ಮಾಡಿಕೊಂಡೆ. ಪಕ್ಕದಲ್ಲಿ ಮಗಳು ಕೇಕೆ ಹಾಕಿದಳು. ಸರಿ, ಇವಳ ಮುಖವನ್ನೂ ನೆನೆಸಿಕೊಳ್ಳೋಣ ಎಂದುಕೊಂಡೆ.

ಬರಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದೆ. ಟೋಪಿ ಬಂತು, ಸ್ವೆಟರ್ ಬಂತು, ಮುಖ ಇರಬೇಕಾದ ಜಾಗದಲ್ಲಿ ಯಾವುದೋ ಒಂದು ಮಗು. ಯಾವ ಮಗುವಾದರೂ ಆಗಬಹುದಾದ ಮಗು. ವಾರವೆಲ್ಲ ಶೆಡ್ಡು, ಶನಿವಾರ ಮಹಡಿ, ಭಾನುವಾರ ನಿದ್ದೆ. ಎತ್ತಿಕೊಂಡಿದ್ದೆ, ಆಡಿಸಿದ್ದೆ, ಆದರೆ ಆ ಮುದುಕಿಯನ್ನು ನೋಡಿದ ಹಾಗೆ ಇವಳನ್ನು ಒಮ್ಮೆಯೂ ನೋಡಿರಲಿಲ್ಲ. ಈಗ ಕಣ್ಣು ಹೋದರೆ ಇವಳು ನನಗೆ ಎಂದೆಂದಿಗೂ ಕಾಣಿಸುವುದಿಲ್ಲ, ನೆನಪಿನಲ್ಲಿ ಕೂಡ. ಕೊನೆಗೆ ಒಂದು ಸುಳಿವು ಸಿಕ್ಕಿತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಹಿಡಿದುಕೊಂಡು, “ಪಾಪುಗೆ ಬಲಗೆನ್ನೆ ಮೇಲೆ ಒಂದು ಕಪ್ಪು ಮಚ್ಚೆ ಇದೆಯಲ್ವೇನೇ?” ಎಂದು ಹೆಂಡತಿಯನ್ನು ಕೇಳಿದೆ.

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಿ ನಗು ನಿಂತಿತು.

“ಅದು ನಾನು ದಿನಾ ಸ್ನಾನ ಮಾಡ್ಸಿ ಇಡೋ ದೃಷ್ಟಿಬೊಟ್ಟು ಕಣ್ರೀ.”

ಹೊರಗೆ ಯಾರದೋ ಟಿವಿಯ ಸದ್ದು. ಅವಳು ನನ್ನ ಪಕ್ಕದಿಂದ ಮಗುವನ್ನು ಎತ್ತಿಕೊಂಡಳು.

“ಮಚ್ಚೆ ಇದೆ. ಹುಟ್ಟಿದಾಗ್ಲಿಂದ ಇದೆ. ಎಲ್ಲಿ ಹೇಳಿ ನೋಡಾನ?”

“ನೀನೇ ಹೇಳ್ಬಿಡೇ” ಎಂದೆ. ನನ್ನ ದನಿ ಭಿಕ್ಷೆಯವನ ದನಿಯಾಗಿತ್ತು.

“ಹೇಳಲ್ಲ” ಎಂದಳು.

ಸಂಜೆಯ ಹೊತ್ತಿಗೆ ಉರಿ ಇಳಿದಿತ್ತು. ಬಟ್ಟೆ ಬಿಚ್ಚಿ ನೋಡಿ ಎಂದು ಅವಳು ಎರಡು ಮೂರು ಸಲ ಹೇಳಿದಳು. ನಾನು ಒಪ್ಪಲಿಲ್ಲ. ಡಾಕ್ಟರ ಮುಂದೆಯೇ ಬಿಚ್ಚುತ್ತೇನೆ ಎಂದು ಹಟ ಹಿಡಿದೆ. ನೋವಿನಿಂದ ಅಲ್ಲ, ಪುಕ್ಕಲುತನದಿಂದ. ಬಟ್ಟೆ ಇರುವ ತನಕ ಕತ್ತಲೆಗೆ ಬಟ್ಟೆಯೇ ಕಾರಣ. ಬಿಚ್ಚಿದ ಮೇಲೂ ಕತ್ತಲೆಯೇ ಇದ್ದರೆ? ಆ ರಾತ್ರಿ ಮಗಳ ಮುಖದ ಮೇಲೆ ಬೆರಳಾಡಿಸುತ್ತ ಮಚ್ಚೆ ಹುಡುಕಿದೆ. ಮಚ್ಚೆ ಬೆರಳಿಗೆ ಸಿಗುವ ವಸ್ತುವಲ್ಲ. ಅವಳು ನನ್ನ ಹೆಬ್ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಳು. ನನಗೆ ಅಳು ಬಂತು, ಕಣ್ಣೀರು ತಾಗಿ ಕಣ್ಣು ಮತ್ತೆ ಉರಿಯಿತು.

ಸೋಮವಾರ ಬೆಳಗ್ಗೆ ಆಟೋದಲ್ಲಿ ಕಣ್ಣಿನ ಆಸ್ಪತ್ರೆಗೆ ಹೋದೆವು. ಹೆಂಡತಿಯ ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ನಾನು. ನಮ್ಮ ಸರದಿ ಬಂದಾಗ ಡಾಕ್ಟರಮ್ಮ ಬಟ್ಟೆ ಬಿಚ್ಚಿ, “ನಿಧಾನಕ್ಕೆ ಕಣ್ಣು ಬಿಡಿ” ಎಂದರು. ರೆಪ್ಪೆಗಳು ಅಂಟಿಕೊಂಡಿದ್ದವು. ಒದ್ದೆ ಹತ್ತಿಯಿಂದ ಒರೆಸಿದರು. ಮನೆದೇವರನ್ನು ನೆನೆದು ಕಣ್ಣು ಬಿಟ್ಟೆ. ಮೊದಲು ಬರೀ ಹಾಲಿನಂಥ ಬೆಳಕು. ಹೋಯಿತು, ಕಣ್ಣು ಹೋಯಿತು ಅಂದುಕೊಂಡೆ. ಆಮೇಲೆ ನಿಧಾನವಾಗಿ ಒಂದು ಕಿಟಕಿ, ಅದರ ಸರಳು, ಡಾಕ್ಟರಮ್ಮನ ಬಿಳಿ ಕೋಟು.

ದೀಪ ಹಾಕಿ ಪರೀಕ್ಷೆ ಮಾಡಿದರು. ಮೇಲ್ಪದರ ಸುಟ್ಟಿತ್ತು, ಮಾಯುತ್ತಿದೆ, ದೃಷ್ಟಿಗೆ ಏನೂ ತೊಂದರೆಯಿಲ್ಲ ಎಂದರು. ಹಾಲು ಹಾಕಿದ್ದು ಕೇಳಿ ಇಬ್ಬರನ್ನೂ ಬಯ್ದರು. “ಅದು ಮಗೂಗೆ ಕೊಡೋದಮ್ಮ, ಕಣ್ಣಿಗೆ ಹಾಕೋದಲ್ಲ. ಸೋಂಕಾಗಿದ್ರೆ ಏನ್ ಗತಿ?” ಬಯ್ಗುಳ ಅಷ್ಟು ಹಿತವಾಗಿ ನನಗೆ ಎಂದೂ ಕೇಳಿಸಿರಲಿಲ್ಲ. ಡ್ರಾಪ್ಸ್ ಬರೆದುಕೊಟ್ಟು, ಒಂದು ವಾರ ಶೆಡ್ಡಿನ ಕಡೆ ಹೋಗಕೂಡದು ಎಂದರು.

ಹೊರಗಿನ ಬೆಂಚಿನ ಮೇಲೆ ಕೂತಾಗ ಹೆಂಡತಿ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ ಟೋಪಿ ತೆಗೆದಳು. ನಾನು ಬೊಟ್ಟು ಹುಡುಕಿದೆ. ಕೆನ್ನೆ ಖಾಲಿಯಿತ್ತು. ಹೊಸಿಲು ದಾಟಿಸುವ ಮುಂಚೆ ಎರಡು ಸಲ ಬೊಟ್ಟು ನೋಡಿಕೊಳ್ಳುವ ಹೆಂಗಸು, ಅಂದು ನೂರಾರು ಜನ ಓಡಾಡುವ ಆಸ್ಪತ್ರೆಗೆ ಮಗುವನ್ನು ಬೊಟ್ಟಿಲ್ಲದೆ ತಂದಿದ್ದಳು.

“ಈಗ ಹೇಳಿ” ಎಂದಳು.

ನಾನು ನೋಡಿದೆ. ಕಣ್ಣಿನ್ನೂ ಕೆಂಪಗೆ ನೀರಾಡುತ್ತಿತ್ತು, ಒರೆಸಿಕೊಂಡು ಒರೆಸಿಕೊಂಡು ನೋಡಿದೆ. ಒಂದು ಹುಬ್ಬು ಇನ್ನೊಂದಕ್ಕಿಂತ ಚೂರು ಮೇಲಿತ್ತು. ಕೆಳದುಟಿ ನನ್ನ ಅಮ್ಮನದು. ಕಾರಿಡಾರಿನ ಕಿಟಕಿಯ ಬೆಳಕು ಬಲಗಡೆಯಿಂದ ಬೀಳುತ್ತಿತ್ತು. ಅವಳು ಮುಖ ಹೊರಳಿಸಿದಾಗ ಎಡಗಿವಿಯ ಮುಂದೆ, ಸಾಸಿವೆ ಕಾಳಿನಷ್ಟು, ಮಚ್ಚೆ ಕಂಡಿತು. ಅಡಗಿರುವ ಜಾಗವೇನಲ್ಲ. ಬೀದಿಯಲ್ಲಿ ಹೋಗುವವರಿಗೂ ಕಾಣುವ ಜಾಗ.

ಬೆರಳಿಟ್ಟು ತೋರಿಸಿದೆ.

ಹೆಂಡತಿ ಬ್ಯಾಗಿನಿಂದ ಕಾಡಿಗೆ ಡಬ್ಬಿ ತೆಗೆದು, ಮಗುವಿನ ಬಲಗೆನ್ನೆಗೆ ಬೊಟ್ಟಿಟ್ಟಳು. ಎಂದಿಗಿಂತ ದೊಡ್ಡದಾಗಿಯೇ ಇಟ್ಟಳು.

“ಇಷ್ಟ್ ದಿನ ನಿಮ್ ಕಣ್ಣು ತಾಗತ್ತೆ ಅನ್ನೋ ಭಯ ಇರ್ಲಿಲ್ಲ” ಎಂದಳು. “ಇನ್ಮೇಲೆ ಅದಕ್ಕೂ ಸೇರ್ಸಿ ಇಡ್ಬೇಕು.”