ಬಾಟಲಿಯ ತಳದಲ್ಲಿ ಉಳಿದ ಬೆರಳುಗಳು

ಔಲ್‌ಫ್ಲೈ ಎಂಬ ಕೀಟದ ಮರಿಹುಳುವನ್ನು ಗುರುತಿಸುವುದು ಕಷ್ಟವೇನಲ್ಲ, ಮೈಯ ಬದಿ ನೋಡಬೇಕು ಅಷ್ಟೆ. ಜಗಲಿಯ ಕೆಳಗೆ ಪುಡಿಮಣ್ಣಿನಲ್ಲಿ ಗುಳಿ ತೋಡಿ ಇರುವೆ ಹಿಡಿಯುವ ಹುಳುವಿಗೂ ಇದಕ್ಕೂ ಅದೇ ಚಪ್ಪಟೆ ಮೈ, ಅದೇ ಕುಡುಗೋಲಿನಂಥ ದವಡೆ. ಆದರೆ ಔಲ್‌ಫ್ಲೈ ಮರಿಯ ಎರಡೂ ಅಂಚಿನಲ್ಲಿ ಪುಟ್ಟ ಬೆರಳುಗಳಂಥವು ಸಾಲಾಗಿ ಚಾಚಿಕೊಂಡಿರುತ್ತವೆ. ಅದು ಗುಳಿ ತೋಡುವುದಿಲ್ಲ. ಉದುರಿದ ಒಣ ಎಲೆಗಳ ದರಗಿನ ಮೇಲೆ ಮೈಗೆಲ್ಲ ಕಸ ಹೊದ್ದು, ದವಡೆ ಅಗಲಿಸಿ ಕಾಯುತ್ತದೆ. ಇದನ್ನು ನನಗೆ ಕಲಿಸಿದವನು ನಮ್ಮ ಒಕ್ಕಲಿನ ಮಗ.

ಅರವತ್ತರ ದಶಕದ ಕೊನೆ. ಕವಲೇದುರ್ಗದ ಕೆಳಗೆ ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರ ಮನೆಯವನು ಸಾಗರದ ಕಾಲೇಜಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದ. ಅದೇ ನನಗೆ ಮೈ ಉರಿ. ಸಾಲದ್ದಕ್ಕೆ ಬುದ್ಧಿವಂತ ಬೇರೆ. ಕೊನೆಯ ವರ್ಷ ಪ್ರಾಣಿಶಾಸ್ತ್ರದ ಮೇಷ್ಟ್ರು ಹೇಳಿದರು: ಕಾಲೇಜಿನ ಕಪಾಟಿನಲ್ಲಿಲ್ಲದ ಕೀಟ ತಂದು ಸರಿಯಾಗಿ ಗುರುತಿಸಿದ ಒಬ್ಬನಿಗೆ ಮೈಸೂರಿನ ಎಂ.ಎಸ್ಸಿ. ಸೀಟಿಗೆ ಶಿಫಾರಸು ಪತ್ರ. ನನಗೆ ಸಿಗದಿದ್ದರೆ ಅಪ್ಪ ಬೇರೆ ದಾರಿ ಹುಡುಕುತ್ತಿದ್ದರು. ಅವನಿಗೆ ಸಿಗದಿದ್ದರೆ ನಮ್ಮ ಗದ್ದೆಯೇ ಗತಿ.

ಹೊಸ ಅಕ್ಕಿಯಾಗಲಿ, ಮೊದಲ ಹಲಸಿನ ಹಣ್ಣಾಗಲಿ, ಅವನ ಮನೆಯವರು ನಮ್ಮ ಮನೆಗೆ ಒಪ್ಪಿಸದೆ ತಾವು ಮುಟ್ಟುತ್ತಿರಲಿಲ್ಲ. ಆ ಅಭ್ಯಾಸವೇ ಅವನಿಗೆ ಮುಳುವಾಯಿತು. ಹೊಸನಗರದ ಹಾದಿಯ ಕಾಡಿನಲ್ಲಿ ಸಿಕ್ಕಿದ ಹುಳುವನ್ನು ಅಗಲ ಬಾಯಿಯ ಸ್ಪಿರಿಟ್ ಬಾಟಲಿಯಲ್ಲಿಟ್ಟು ನೇರ ನನ್ನ ರೂಮಿಗೆ ತಂದ.

"ಮೊದ್ಲು ನೀವು ನೋಡಿ ಅಯ್ಯ, ಆಮೇಲೆ ಸರ್‌ಗೆ ಕೊಡ್ತೀನಿ" ಎಂದ. ಒಂದೊಂದು ಬೆರಳನ್ನೂ ತೋರಿಸಿ ವಿವರಿಸಿದ.

"ಇಲ್ಲೇ ಬಿಟ್ಟು ಹೋಗು, ಲೆನ್ಸಲ್ಲಿ ನೋಡ್ತೀನಿ" ಎಂದೆ. ಬಿಟ್ಟು ಹೋದ.

ಬಾಟಲಿಯೊಳಗೆ ಚಿಮಟ ಇಳಿಸಿ ಒಂದೊಂದೇ ಬೆರಳು ಮುರಿದೆ. ಬುಡದಲ್ಲೇ ಹಿಡಿದರೆ ಗಾಯ ಕಾಣುವುದಿಲ್ಲವೆಂದು ಮೂರನೆಯದಕ್ಕೇ ತಿಳಿಯಿತು. ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ಅವನು ಬಾಟಲಿ ಒಯ್ದು ಕೊಟ್ಟಾಗ ಮೇಷ್ಟ್ರು ಹುಳುವನ್ನು ಹೊರತೆಗೆದು ಗಾಜಿನ ಮೇಲಿಟ್ಟು ನೋಡಿದರು. "ಎಲ್ಲಿವೆಯಪ್ಪ ನೀನು ಹೇಳಿದ ಬೆರಳು? ಇದು ಜಗಲಿ ಕೆಳಗೆ ಗುಳಿ ತೋಡೋ ಹುಳ. ಹೋಗಿ ಗದ್ದೆ ಉಳು" ಎಂದರು. ಕ್ಲಾಸೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅವನು ಹುಳು ತೆಗೆದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದ.

"ನಾನೇ ತಪ್ಪು ನೋಡ್ದೆ ಸರ್" ಎಂದ.

ನಾನು ಒಂದು ಜೀರುಂಡೆ ಒಪ್ಪಿಸಿದೆ. ಪತ್ರ ನನ್ನ ಕೈಗೆ ಬಂತು.

ಮೈಸೂರಿಗೆ ಹೊರಟ ದಿನ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿಗೆ ನನ್ನ ಟ್ರಂಕು ಹೊತ್ತು ತಂದವನು ಅವನೇ, ಅಪ್ಪ ಕಳಿಸಿದ್ದರು. ಅದನ್ನು ಬಸ್ಸಿನ ಮೇಲೆ ಕಟ್ಟಿ ಇಳಿದು, ಕಿಟಕಿಯ ಹತ್ತಿರ ಬಂದ.

"ಮುರ್ದಿದ್ದೆಲ್ಲ ಬಾಟ್ಲಿ ತಳದಲ್ಲೇ ಇದ್ವು ಅಯ್ಯ. ಸರ್‌ಗೆ ಹೇಳ್ಲಿಲ್ಲ. ನಿಮ್ಮ ಗದ್ದೆ ಮಾಡೋರು ನಾವು."

ಬೈದಿದ್ದರೆ ಸಹಿಸುತ್ತಿದ್ದೆ. ನನ್ನನ್ನು ಉಳಿಸಿದವನು ಅವನೆಂಬುದನ್ನು ಸಹಿಸಲಾಗಲಿಲ್ಲ. ಮೈಸೂರು ತಲುಪಿದವನೇ ಅಪ್ಪನಿಗೆ ಕಾಗದ ಬರೆದೆ: ಆ ಒಕ್ಕಲನ್ನು ಬಿಡಿಸಿ. ಮುಂದಿನ ಮಳೆಗಾಲಕ್ಕೆ ಗದ್ದೆ ಬೇರೆಯವರ ಕೈಯಲ್ಲಿತ್ತು. ನಾನು ಕಾರಣ ಬರೆದಿರಲಿಲ್ಲ. ಅಪ್ಪ ಕೇಳಲೂ ಇಲ್ಲ.