ಓಟಿಪಿ ಹೋಗುವ ನಂಬರು

ಮೌನೇಶ್ವರಿ ರಾಯಚೂರಿನಲ್ಲಿ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿದ್ದಳು. ರಾಯಚೂರು, ಮಾನ್ವಿ, ದೇವದುರ್ಗದ ಕ್ಯಾಂಪಸ್ಸುಗಳ ಪ್ರವೇಶ, ಹಾಜರಿ, ಪರೀಕ್ಷೆಯನ್ನೆಲ್ಲ ಒಂದೇ ಜಾಲಕ್ಕೆ ತರುವ ಐದು ವರ್ಷದ ಯೋಜನೆ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿ ಉಳಿದ ಹೊತ್ತಿನಲ್ಲಿ ಬರೆದಳು. ಗಂಡ ಪ್ರಭುರಾಜ, ಆಕಿ ಕುಂತು ಲ್ಯಾಪ್‌ಟಾಪ್ ಒತ್ತತಾಳ ಎಂದು ಓಣಿಯವರ ಮುಂದೆ ನಗುತ್ತಿದ್ದ.

ದೇವದುರ್ಗಕ್ಕೆ ಹೋದಾಗ ಮಸರಕಲ್ಲಿನ ಸುಮಂಗಲಾ ಎಂಬ ವಿದ್ಯಾರ್ಥಿನಿ ಸಿಕ್ಕಳು. ಪರೀಕ್ಷೆಯ ಅರ್ಜಿಗೆ ಓಟಿಪಿ ಬೇಕು. ಕೊಟ್ಟಿದ್ದು ಅಣ್ಣನ ನಂಬರು. ಅಣ್ಣ ಫೋನು ಸಮೇತ ಹತ್ತಿ ಮಿಲ್ಲಿನಲ್ಲಿ. ಅವನು ಬರುವಷ್ಟರಲ್ಲಿ ಗಡುವು ಮುಗಿದು ಹುಡುಗಿಯ ವರ್ಷವೇ ಹೋಯಿತು. ಮಾನ್ವಿಯಲ್ಲೂ ಹಾಗೇ. ಹೆಣ್ಣುಮಕ್ಕಳ ಹೆಸರಿನ ಮುಂದೆ ಅಪ್ಪನ, ಅಣ್ಣನ, ಗಂಡನ ನಂಬರು. ಹಾಗಾಗಿ ಎರಡೂ ಊರಿಗೆ ಒಂದೊಂದು ಕಂಪ್ಯೂಟರ್ ಕೋಣೆ, ಗುರುತಿನ ಚೀಟಿ ತೋರಿಸಿದರೆ ಸಾಕು, ಓಟಿಪಿ ಬೇಡ ಎಂದು ಯೋಜನೆಯಲ್ಲಿ ಸೇರಿಸಿದಳು. ಅದು ಮಂಜೂರಾದರೆ ಮುಂದಿನ ಸಲವಾದರೂ ಸುಮಂಗಲಾ ಪರೀಕ್ಷೆಗೆ ಕೂರಬಹುದಿತ್ತು.

ಸಮಿತಿಯ ಸಭೆಯಲ್ಲಿ ಯೋಜನೆ ತೆರೆಯಹೋದರೆ ವಿಶ್ವವಿದ್ಯಾಲಯದ ಹೊಸ ಪೋರ್ಟಲ್ ಅವಳಿಗೇ ಓಟಿಪಿ ಕೇಳಿತು. ಅವಳ ಫೋನು ಸುಮ್ಮನಿತ್ತು. ಆಗ ಹೊಳೆಯಿತು: ನೌಕರಿಗೆ ಸೇರುವಾಗ ಅವಳೂ ಗಂಡನ ನಂಬರನ್ನೇ ಕೊಟ್ಟಿದ್ದಳು. ಯಾರೂ ಹೇಳಿರಲಿಲ್ಲ, ಕೈ ತಾನೇ ಬರೆದಿತ್ತು.

ಎಲ್ಲರೆದುರೇ ಫೋನು ಮಾಡಿದಳು.

"ಯಾಕ ಬೇಕು?" ಎಂದ ಪ್ರಭುರಾಜ.

"ಮೀಟಿಂಗಿನ್ಯಾಗ ಅದೀನ್ರಿ, ಲಗೂನ ಹೇಳ್ರಿ."

ಯಾವ ಮೀಟಿಂಗು, ಯಾರ್ಯಾರಿದ್ದಾರೆ ಎಂದೆಲ್ಲ ಕೇಳಿದ. ಬರುವಾಗ ಅವ್ವನ ಗುಳಿಗಿ ತರಬೇಕೆಂದು ನೆನಪಿಸಿ, ಕೊನೆಗೆ ಅಂಕಿ ಹೇಳಿದ.

ಯೋಜನೆ ತೆರೆಯಿತು. ಕೋಣೆಗಳ ಪುಟ ನೋಡಿ ಕುಲಸಚಿವರು ನಕ್ಕರು. "ಬಂತಲ್ರೀ ಮೇಡಂ. ಇಷ್ಟಕ್ಕ ಕೋಣಿ ಯಾಕ? ಮನಿಯವರು ಕೊಡತಾರ."

"ಬಂತ್ರಿ ಸರ್. ಯಾಕ, ಯಾರ್ಯಾರು ಅಂತ ಕೇಳಿದ ಮ್ಯಾಲ ಬಂತು. ನಾ ಪಗಾರ ತರಾಕಿ, ನನಗ ಕೊಟ್ರು. ಆ ಹುಡುಗ್ಯಾರಿಗ ಯಾರು ಕೊಡತಾರ?"

ಕೋಣೆಗಳನ್ನು ಮುಂದೆ ನೋಡೋಣ ಎಂದರು ಕುಲಸಚಿವರು. ಉಳಿದದ್ದೆಲ್ಲ ಮಂಜೂರಾಯಿತು, ಓಟಿಪಿ ಸಮೇತ. ತಿದ್ದಿದ ಪ್ರತಿ ಸಂಜೆಯೊಳಗೆ ಬೇಕೆಂದರು. ಮೌನೇಶ್ವರಿ ಕುಳಿತು ಕೋಣೆಗಳ ಸಾಲನ್ನು ತಾನೇ ಅಳಿಸಿದಳು.

ಸುಮಂಗಲಾಳಿಗೆ ತಿಳಿಸದೆ ಇರಲಾಗಲಿಲ್ಲ. ಇದ್ದುದು ಒಂದೇ ನಂಬರು. ಅದಕ್ಕೇ ಫೋನು ಹಚ್ಚಿದಳು.

"ಆಕಿ ರೊಟ್ಟಿ ಮಾಡಾಕತ್ತಾಳ್ರಿ," ಎಂದ ಅಣ್ಣ. "ಏನದ, ನನ್ನ ಮುಂದ ಹೇಳ್ರಿ."